ಯಜಮಾನರ ತಲೆಗೆ ಟೋಪಿ ಹಾಕಿದ ಯಂತ್ರಕ್ಕೆ

ಆಸ್ಪತ್ರೆಯ ಎರಡನೇ ಮಹಡಿಯ ತಂಪು ಕೋಣೆಯಲ್ಲಿ ವಿರಾಜಮಾನರಾಗಿ, ಮಿದುಳಿನ ವಿದ್ಯುತ್ತನ್ನು ಗೆರೆಗಳಲ್ಲಿ ಬರೆದು ತೋರಿಸುವ ಮಾನ್ಯ ಯಂತ್ರ ಮಹಾಶಯರೇ,

ಕ್ಷೌರದಂಗಡಿಯವರ ಹೆಂಡತಿಯಾದ ನಾನು ತಮಗೆ ಅಡ್ಡಬಿದ್ದು, ಎದ್ದು, ತಮ್ಮ ಮೇಲೆಯೇ ದೂರು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸಿದ ನಮ್ಮ ಯಜಮಾನರು ಒಂಬತ್ತು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡರು. ಪೆನ್ನು ತೋರಿಸಿ ಎಂದರೆ ಬಾಚಣಿಗೆ ತೋರಿಸಿದರು, ಹೌದೋ ಅಲ್ಲವೋ ಎಂದರೆ ಎರಡಕ್ಕೂ ತಲೆಯಾಡಿಸಿದರು. ಮಾತು ತಿಳಿಯುತ್ತದೋ ಎಂದು ಆಸ್ಪತ್ರೆಯವರು ಮಾಡಿದ ಹಾಳೆಯ ಪರೀಕ್ಷೆಯಲ್ಲಿ ದುಂಡನೆಯ ಸೊನ್ನೆ ಬಂತು. ಮಾತು ಕಲಿಸುವವರೂ ಕೈಚೆಲ್ಲಿದರು. ಇವರಿಗೆ ಏನೂ ಅರ್ಥವಾಗುವುದಿಲ್ಲವೆಂದು ತೀರ್ಮಾನಿಸಿದ ನಾವು ಅವರೆದುರೇ ಬಾಯಿಗೆ ಬಂದದ್ದು ಆಡತೊಡಗಿದೆವು. ಮೈದುನ ಅಂಗಡಿಯ ತಿರುಗುವ ಕುರ್ಚಿಗೆ ಗಿರಾಕಿ ಹುಡುಕಿ, "ಅಣ್ಣಂಗೆ ಇನ್ನೆಲ್ಲಿ ಅಂಗಡಿ ಅತ್ತಿಗೆ, ಕೊಟ್ಬಿಡೋಣ" ಎಂದು ಅವರ ಮಗ್ಗುಲಲ್ಲೇ ಕೂತು ಹೇಳಿದ. ನಾನಂತೂ, ನಾದಿನಿ ಕೊಟ್ಟ ಗೋಡೆ ಗಡಿಯಾರ ತಾನಾಗಿ ಬಿದ್ದದ್ದಲ್ಲ, ಪೊರಕೆ ಹಿಡಿಯಿಂದ ನಾನೇ ಕೆಡವಿದ್ದು ಎಂದು ಅವರಿಗೇ ಹೇಳಿ ಎದೆ ಹಗುರ ಮಾಡಿಕೊಂಡೆ.

ಆಗ ತಾವು ಬಂದಿರಿ. ಬಾಯನ್ನೂ ಕೇಳದೆ, ಬೆರಳನ್ನೂ ಕೇಳದೆ, ನೇರವಾಗಿ ಮಿದುಳನ್ನೇ ವಿಚಾರಿಸುವ ದೊಡ್ಡವರು ತಾವು. ಊರವರ ತಲೆಗೆಲ್ಲ ಕೈ ಹಾಕಿದವರ ತಲೆಗೆ ತಂತಿಯ ಟೋಪಿ ತೊಡಿಸಿ, ಅವರ ಜಂಬದ ಕ್ರಾಪಿಗೆ ಅಂಟು ಮೆತ್ತಿ, ವಾಕ್ಯಗಳನ್ನು ಕೇಳಿಸಿದಿರಿ. "ಚಹಾಕ್ಕೆ ಸಕ್ಕರೆ ಹಾಕಿದರು" ಎಂದರೆ ಗೆರೆ ತೆಪ್ಪಗಿತ್ತು. "ಚಹಾಕ್ಕೆ ಚಪ್ಪಲಿ ಹಾಕಿದರು" ಎಂದರೆ ಅರೆಕ್ಷಣದಲ್ಲಿ ಹಾರಿತು. ಅರ್ಥವಾಗದಿದ್ದರೆ ಮಿದುಳು ಹೀಗೆ ಬೆಚ್ಚುವುದಿಲ್ಲ ಎಂದರು ತಮ್ಮನ್ನು ನೋಡಿಕೊಳ್ಳುವ ಮೇಡಂ.

ಅಲ್ಲಿಗೇ ನಿಲ್ಲಿಸಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಮನೆಯ ಮಾತುಗಳೂ ಇರಲಿ, ಸರಿಯಾದವು ಕೆಲವು, ತಪ್ಪಾದವು ಕೆಲವು ಬರೆದುಕೊಡಿ ಎಂದು ಮೇಡಂ ಕೇಳಿದಾಗ, ನಾನು ಸರಿಯಾದವುಗಳ ಸಾಲಿನಲ್ಲಿ, ಮನಸ್ಸಾಕ್ಷಿಯಾಗಿ, "ನನ್ನ ಹೆಂಡತಿಗೆ ಮಾತು ಕಡಿಮೆ" ಎಂದು ಬರೆದುಕೊಟ್ಟೆ. ಬೇರೆ ವಾಕ್ಯಗಳ ನಡುವೆ ಸೇರಿಸಿ ಎಷ್ಟು ಸಲ ಕೇಳಿಸಿದರೂ ಗೆರೆ ಚಪ್ಪಲಿಯ ಚಹಾಕ್ಕಿಂತ ಎತ್ತರಕ್ಕೆ ಹಾರಿತು. ಮೇಡಂ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ನಾನು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ನಮ್ಮ ಯಜಮಾನರು ಒಳಗಿದ್ದರು, ಪೂರ್ತಿ ಅವರೇ ಇದ್ದರು.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಒಂಬತ್ತು ತಿಂಗಳಲ್ಲಿ ನಾವು ಆಡಿದ್ದನ್ನೆಲ್ಲ ಅವರ ತಲೆಯಿಂದ ಅಳಿಸಿಕೊಡಬೇಕು, ಆಗದಿದ್ದರೆ ಗಡಿಯಾರದ ವಿಷಯವೊಂದನ್ನಾದರೂ. ಅಣ್ಣನ ಎದುರು ತಲೆ ತಗ್ಗಿಸಿ ಕೂತಿರುವ ಮೈದುನನ ಮುಖಕ್ಕೆ ಹೋದ ಕಳೆ ತಂದುಕೊಡಬೇಕು. ಕುರ್ಚಿ ಮಾರಲಿಲ್ಲ. ಮಾತು ಕಲಿಸುವವರು ವಾರಕ್ಕೆರಡು ದಿನ ಮತ್ತೆ ಬರುತ್ತಿದ್ದಾರೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಾತು ಕಡಿಮೆಯ ಹೆಂಡತಿ

ವಿ.ಸೂ.: ನಿನ್ನೆ ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಬೇಕೆಂದೇ ಅದೇ ವಾಕ್ಯ ಹೇಳಿದೆ. ತಂತಿಯಿಲ್ಲದೆ, ಟೋಪಿಯಿಲ್ಲದೆ, ತುಟಿಯ ಎಡತುದಿ ಮೇಲಕ್ಕೆದ್ದಿತು. ತಮ್ಮ ಕೆಲಸಕ್ಕೆ ಕಲ್ಲು ಹಾಕುವ ಆಸೆ ನನಗಿಲ್ಲ. ಆ ತುದಿ ಒಂಬತ್ತು ತಿಂಗಳಿಂದಲೂ ಏಳುತ್ತಿತ್ತೋ ಏನೋ, ಮಾತಿನ ಭರದಲ್ಲಿ ನಾನೇ ನೋಡಿರಲಿಲ್ಲ.