ಮಾವನವರ ಚೈನಾಟೌನ್ ಫೋಟೋ

ನಮ್ಮ ಮಾವನವರು ಟೆಕ್ಸಾಸಿಗೆ ಬಂದಾಗಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ. ಸಿಂಗಾಪುರದ ಚೈನಾಟೌನಿನಲ್ಲಿ ತೆಗೆಸಿಕೊಂಡ ಫೋಟೋವನ್ನು ಮೈಸೂರಿನ ವಾಕಿಂಗ್ ಗೆಳೆಯರಿಗೆಲ್ಲ ತೋರಿಸಿ ಮುಗಿಸಿದ್ದರು. ಅಮೆರಿಕದ್ದೂ ಒಂದು ಕಳಿಸುತ್ತೇನೆಂದು ಮಾತು ಕೊಟ್ಟುಬಂದಿದ್ದರು. ಆ ಒಂದು ಫೋಟೋಗೆ ಮೂರು ಊರು ಬೇಕಾಯಿತು.

ಡಾಲಸ್

ಆಗ ನಾವು ಕಾಪೆಲ್‌ನಲ್ಲಿದ್ದೆವು. ಚೈನಾಟೌನ್ ಇದ್ದದ್ದು ರಿಚರ್ಡ್‌ಸನ್‌ನಲ್ಲಿ. ಕಾರು ನಿಲ್ಲಿಸಿದರೂ ಮಾವ ಸೀಟ್ ಬೆಲ್ಟ್ ಬಿಚ್ಚಲಿಲ್ಲ. ಇನ್ನೆಷ್ಟು ದೂರ ಅಂದರು. ಬಂದಾಯಿತು, ಇದೇ ಅಂದೆ. ಗಲ್ಲಿ, ತೂಗುದೀಪ, ತಳ್ಳುಗಾಡಿ ಒಂದೂ ಇಲ್ಲ. ಎಲ್ಲಿ ನಿಂತರೂ ಫೋಟೋದಲ್ಲಿ ಯಾರದೋ ಕಾರಿನ ಡಿಕ್ಕಿ ಬರುತ್ತಿತ್ತು.

“ಸಿಂಗಾಪುರದಲ್ಲಿ ಬೀದಿ ಕಟ್ಟಿದಾರೆ ಕಣಮ್ಮ. ಇಲ್ಲಿ ಪಾರ್ಕಿಂಗ್ ಕಟ್ಟಿ, ಮಿಕ್ಕಿದ ಜಾಗದಲ್ಲಿ ಅಂಗಡಿ ಹಾಕಿದಾರೆ,” ಅಂದು ಫೋನು ಜೇಬಿಗಿಟ್ಟರು.

ಹ್ಯೂಸ್ಟನ್

ಎರಡು ವರ್ಷಕ್ಕೆ ಹ್ಯೂಸ್ಟನ್‌ಗೆ ಶಿಫ್ಟ್ ಆದೆವು. ಮಾವ ಮತ್ತೆ ಬಂದಾಗ ನನ್ನ ಚೀನೀ ಸಹೋದ್ಯೋಗಿ ಚೈನಾಟೌನನ್ನು ತಾನೇ ತೋರಿಸುತ್ತೇನೆಂದು ಬಂದಳು. ಡೌನ್‌ಟೌನಿನ ಹಳೆಯದು ಎಂದೋ ಖಾಲಿಯಾಯಿತು, ಹೊಸದು ಬೆಲ್ಲೇರ್ ರಸ್ತೆಯಲ್ಲಿ ಅಂದಳು. ಕಾರು ಎಷ್ಟು ಹೋದರೂ ಬೋರ್ಡು ಮುಗಿಯಲಿಲ್ಲ, ಅದರಲ್ಲೂ ಅರ್ಧ ವಿಯೆಟ್ನಾಮಿನವು. ನಾವು ಯಾರೂ ಇಲ್ಲಿರಲ್ಲ, ಭಾನುವಾರ ಬಂದು ತಿಂದು ಹೋಗ್ತೀವಿ ಅಂದಳು. ಪ್ರತಿಯಾಗಿ ಅವಳನ್ನು ನಮ್ಮವರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ಗೆ ಕರೆದೊಯ್ದು ದೋಸೆ ತಿನ್ನಿಸಿ, ನಾನೂ ಅದೇ ಮಾತು ಹೇಳಿದೆ.

ಮಾವ ಚಟ್ನಿ ಬದಿಗೆ ಸರಿಸಿದರು. “ಅವರ ಪೇಟೇಲಿ ಅವರಿಲ್ಲ, ನಮ್ಮ ಪೇಟೇಲಿ ನಾವಿಲ್ಲ. ನಾನು ಯಾರ ಜೊತೆ ಫೋಟೋ ತೆಗೆಸ್ಕೊಳ್ಳಲಿ?”

ಆಸ್ಟಿನ್

ಮೂರನೇ ಸಲ ಮಾವ ಬಂದದ್ದು ಆಸ್ಟಿನ್ ಪಕ್ಕದ ಲಿಯಾಂಡರ್‌ನ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ. ಅದೇ ಮುಹೂರ್ತಕ್ಕೆ ನಮ್ಮ ಬೀದಿಯಲ್ಲೇ ನಾಲ್ಕು ಗೃಹಪ್ರವೇಶ. ಇಂಡಿಯನ್ ಅಂಗಡಿಗಳಲ್ಲಿ ಬಾಗಿಲಲ್ಲಿ ಒಡೆಯಲು ಒಂದೇ ಒಂದು ಬೂದುಗುಂಬಳ ಉಳಿದಿರಲಿಲ್ಲ. ನನಗೆ ಅಳುವೇ ಬಂತು. ಯಾರೋ ಹೇಳಿದರೆಂದು ಹಿಂದಿನ ದಿನ ಮಾವನ ಜೊತೆ ಚೈನಾಟೌನಿಗೆ ಓಡಿದೆ. ಅಲ್ಲಿ ಇಡೀ ಕಾಯಿ ಒಂದೇ ಒಂದಿತ್ತು. ಕೊಡಿ ಅಂದದ್ದೇ ತಡ, ಅಂಗಡಿಯ ಆಂಟಿ ನಗುನಗುತ್ತ ಅದನ್ನು ಹೋಳು ಮಾಡಿ, ಬೀಜ ತೆಗೆದು, ಚೀಲಕ್ಕೆ ಹಾಕಿಕೊಟ್ಟಳು. ಮಾವ ಅಲ್ಲೇ ಅಕ್ಕಿಮೂಟೆಯ ಮೇಲೆ ಕುಸಿದು ಕೂತರು.

ದೃಷ್ಟಿ ತೆಗೆದು ಬಾಗಿಲಲ್ಲಿ ಒಡೆಯಬೇಕಿತ್ತು ಎಂದು ವಿವರಿಸಿದೆ. ಒಡೆದಮೇಲೆ ಯಾರು ತಿಂತಾರೆ ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಅವಳಿಗೆ ಕಾಯಿಯ ಮೇಲೆ ಕನಿಕರ ಬಂತೋ ನಮ್ಮ ಮೇಲೋ, ಒಳಗಿನಿಂದ ತನ್ನ ಸೂಪಿಗೆಂದು ಎತ್ತಿಟ್ಟಿದ್ದ ಇನ್ನೊಂದನ್ನು ತಂದುಕೊಟ್ಟಳು. ಗೃಹಪ್ರವೇಶಕ್ಕೆ ಕರೆದೆವು, ಬಂದಳು. ಮಾವ ಕಾಯಿ ಎತ್ತಿ ಒಡೆದಾಗ ಅವಳು ಕಣ್ಣು ಮುಚ್ಚಿಕೊಂಡಳು.

ಮುಂದಿನ ವರ್ಷ ಮಾವನೊಂದಿಗೆ ಅದೇ ಅಂಗಡಿಗೆ ಹೋದಾಗ ಬೂದುಗುಂಬಳದ ಎರಡು ರಾಶಿ ಇದ್ದವು, ಎರಡಕ್ಕೂ ಇಂಗ್ಲಿಷಿನಲ್ಲಿ ಬೋರ್ಡು. ಮಾವ ಅಂಗಿ ಸರಿಮಾಡಿಕೊಂಡು, ಆಂಟಿಯನ್ನೂ ಕರೆದು, ನಡುವೆ ನಿಂತರು. ಮೈಸೂರಿಗೆ ಕೊನೆಗೂ ಫೋಟೋ ಹೋಯಿತು. ಎಡಗಡೆಯ ಬೋರ್ಡಿನಲ್ಲಿ ‘ತಿನ್ನುವವರಿಗೆ’ ಎಂದಿದೆ, ಬಲಗಡೆಯದರಲ್ಲಿ ‘ಒಡೆಯುವವರಿಗೆ’.