ಅತ್ತೆಯವರು ತಂದ ಪಾರ್ಸಲ್

“ಇನ್ನ ಆರು ವಾರ ಈ ಮನಿ ಅಡಿಗಿ ನಂದು! ಹೊರಗಿನ ಒಂದ್ ಅಗಳೂ ಹೊಸ್ತಿಲ ದಾಟಂಗಿಲ್ಲ!”

ನಿಜಾಮರ ಫರ್ಮಾನು ಹೊರಡಿಸುವ ಗತ್ತಿನಲ್ಲಿ ನಾನು ಹೀಗೆ ಘೋಷಿಸಿದ್ದಕ್ಕೆ ಕಾರಣವಿತ್ತು. ನನ್ನ ಹೆಂಡತಿ ಭಾಗ್ಯಜ್ಯೋತಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು; ಆರು ವಾರ ಪ್ಲಾಸ್ಟರ್. ಸುದ್ದಿ ಅವಳ ತವರೂರು ಮಕ್ತಲ್ ಮುಟ್ಟಿದ್ದೇ ತಡ, ನಮ್ಮತ್ತೆ ಶೇಖಮ್ಮನವರ ಫೋನು: “ಐತವಾರ ಊಟದ ಹೊತ್ತಿಗೆ ಗದ್ವಾಲಕ್ಕ ಬರ್ತೀನ್ರಿ. ನಿಮ್ಮ ಕೈಲಿ ಅಡಿಗಿ ಆಗಂಗಿಲ್ಲಂದ್ರ ಮಗಳ್ನ ಕರ್ಕೊಂಡು ಹೋಗ್ತೀನಿ.”

ಆರು ವಾರ! ಅವಳು ಒಂದು ದಿನ ತವರಿಗೆ ಹೋದರೂ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

“ಆಪಿನಾಗ ಊಟ ತರ್ಸಿಬಿಡ್ರಿ. ಓಣ್ಯಾಗ ಎಲ್ಲಾರೂ ತರಸ್ತಾರ,” ಎಂದಳು ಭಾಗ್ಯ.

“ಅದು ಸೋಮಾರಿಗಳ ಕೆಲ್ಸ! ಲೆಕ್ಕದ ಮಾಸ್ತರಿಗೆ ಬ್ಯಾಳಿ ಬೇಯ್ಸಾಕ ಬರಂಗಿಲ್ಲೇನು?”

ಬರಲಿಲ್ಲ. ಅತ್ತೆಯ ಮುಂದೆ ನನ್ನ ಬೇಳೆ ಬೇಯುತ್ತದೆಂದುಕೊಂಡಿದ್ದೆ; ಐತವಾರ ಬೆಳಿಗ್ಗೆ ಅದು ಕುಕ್ಕರಿನಲ್ಲೇ ಬೇಯಲಿಲ್ಲ! ನೀರು ಹಾಕುವುದನ್ನೇ ಮರೆತಿದ್ದೆ. ಹೊಗೆ ಕಂಡು ಪಕ್ಕದ ಮನೆಯ ತಿರುಪತಮ್ಮ “ಏಮೈಂದಿ ಸಾರ್?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ಕೊಡ ನೀರು ಹೊತ್ತು ಓಡಿ ಬಂದರು. ಜೋಳದ ರೊಟ್ಟಿ ತಟ್ಟಿದರೆ ತ್ರಿಕೋನ ಬಂತು, ಚತುರ್ಭುಜ ಬಂತು, ಯಾವ ಪಠ್ಯದಲ್ಲೂ ಇಲ್ಲದ ಆಕೃತಿಗಳು ಬಂದವು. ವೃತ್ತ ಮಾತ್ರ ಬರಲಿಲ್ಲ. ಹಿಟ್ಟು ಮುಗಿದಾಗ ಗಂಟೆ ಹನ್ನೆರಡೂವರೆ.

“ತರ್ಸಲೇನ್ರಿ?”

“ತರ್ಸು,” ಎಂದೆ, ಗೋಡೆಯ ಕಡೆ ಮುಖ ಮಾಡಿ.

ಭಾಗ್ಯ ಎಡಗೈ ಹೆಬ್ಬೆರಳಿನಿಂದ ಫೋನನ್ನು ನಾಲ್ಕು ಸಲ ಒತ್ತಿದಳು. ರೊಟ್ಟಿ, ಪುಂಡಿ ಪಲ್ಯ, ಬೇಳೆ, ಅನ್ನ! ನನ್ನ ಮೂರು ತಾಸಿನ ಯುದ್ಧ ಒಂದು ಹೆಬ್ಬೆರಳಿಗೆ ಸೋತಿತು. ಊಟ ಬಂದೊಡನೆ ನಮ್ಮ ಪಾತ್ರೆಗೆ ಸುರಿದು, ಡಬ್ಬಿಗಳನ್ನು ಅಡಗಿಸಿ, ‘ನಾನೇ ಮಾಡಿದ್ದು’ ಎಂದುಬಿಡುವುದು ನನ್ನ ಮಹಾ ಯೋಜನೆ!

ಒಂದು ಗಂಟೆಗೆ ಬಾಗಿಲ ಮುಂದೆ ಬೈಕ್ ನಿಂತಿತು. ಓಡಿದೆ. ಆಪಿನವರ ಅಂಗಿ ತೊಟ್ಟ, ಮೀಸೆ ನೆರೆತ, ಫೋನಿನಲ್ಲಿ ಹೆಸರು ಬಂದಿದ್ದ ಅಂಜಯ್ಯ ಹೆಲ್ಮೆಟ್ ತೆಗೆಯುತ್ತಿದ್ದರು. ಅವರ ಹಿಂದೆ, ನಮ್ಮ ಊಟದ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಿದ್ದವರು ನಮ್ಮತ್ತೆ!

“ಬಸ್ಟ್ಯಾಂಡ್ ಹತ್ರ ಈ ಅಣ್ಣ ಸಿದ್ದರಾಮೇಶ ಸಾರ್ ಮನಿ ಎಲ್ಲೈತಿ ಅಂತ ಕಂಡ್ಕಂಡವ್ರನ್ನ ಕೇಳಾಕತ್ತಿದ್ದ. ನಾನೂ ಅಲ್ಲಿಗೇ ಹೊಂಟೀನಿ, ದಾರಿ ತೋರಸ್ತೀನಿ ನಡಿಯಪ್ಪ ಅಂದೆ,” ಎನ್ನುತ್ತ ಇಳಿದರು. “ತಗೋರಿ, ನೀವು ಮಾಡಿದ ಅಡಿಗಿ. ಇನ್ನೂ ಬಿಸಿ ಐತಿ.”

ಊಟಕ್ಕೆ ಕೂತಾಗ ನಾನು ತಲೆ ಎತ್ತಲಿಲ್ಲ. ಅತ್ತೆ ಎರಡನೆಯ ರೊಟ್ಟಿ ಮುರಿಯುತ್ತ ನನ್ನ ಬೆರಳಿನ ಬೊಬ್ಬೆಗಳನ್ನು ನೋಡಿದರು. “ಕೈ ಸುಟ್ಕೊಂಡೀರಲ್ರೀ… ಇರ್ಲಿ ಬಿಡ್ರಿ, ಮಗಳು ಇಲ್ಲೇ ಇರ್ಲಿ,” ಎಂದರು. ನನ್ನ ಕಣ್ಣು ತುಂಬಿತು. ಅತ್ತೆಗೊಮ್ಮೆ, ಅಂಜಯ್ಯನವರಿಗೊಮ್ಮೆ ಮನಸ್ಸಿನಲ್ಲೇ ಕೈಮುಗಿದೆ.

ಅಂದಿನಿಂದ ಶಾಲೆಯಲ್ಲಿ ಸಿಕ್ಕಸಿಕ್ಕವರ ಫೋನಿಗೆ ಆಪ್ ಹಾಕಿಕೊಡುವುದೇ ನನ್ನ ಧರ್ಮಕಾರ್ಯ. ಆದರೆ ಪ್ರಚಾರದಲ್ಲಿ ಅತ್ತೆ ನನ್ನನ್ನು ಮೀರಿಸಿದ್ದಾರೆ. ಹೋದ ತಿಂಗಳು ನಾರಾಯಣಪೇಟೆಯ ಒಂದು ನಿಶ್ಚಿತಾರ್ಥದಲ್ಲಿ, ಹೆಣ್ಣು ಹೆತ್ತವರನ್ನು ಸುತ್ತ ಕೂಡಿಸಿಕೊಂಡು ಹೇಳುತ್ತಿದ್ದರು:

“ಹುಡುಗನ ನೌಕರಿ ಆಮ್ಯಾಲ ನೋಡ್ರಿ. ಮೊದ್ಲು ಅವನ ಊರಾಗ ಆಪ್ ನಡೀತೈತೋ ಇಲ್ಲೋ ಕೇಳ್ರಿ. ನಮ್ಮ ಅಳಿಯ ಬಂಗಾರದಂಥವ, ಖರೆ. ಆದ್ರ ಬಂಗಾರ ತಿನ್ನಾಕ ಬರ್ತೈತೇನ್ರಿ?”