ಹೂಂ ಅನ್ನುವವರಿಲ್ಲದ ಕಥೆ

ಅನುಷಾ, ವಿನಯ, ನಿಮ್ಮ ಅಜ್ಜಿ ಮಾತಿನವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಾಲ್ಕು ಜನ ಕುಳಿತಲ್ಲಿ ನಾನು ಬಾಗಿಲ ಮರೆಯಲ್ಲಿ ನಿಲ್ಲುವವಳು. ಬಸ್ಸಿನಲ್ಲಿ ಕಂಡಕ್ಟರನಿಗೆ ಇಳಿಯುವ ಊರಿನ ಹೆಸರು ಹೇಳುವುದಕ್ಕೂ ಮೊದಲು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುತ್ತೇನೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ಆದರೆ ಊರಿನ ಹೆಸರನ್ನಂತೂ ಹೇಳಲೇಬೇಕು. ಆ ಒಂದು ಕಷ್ಟವನ್ನು ಸರ್ಕಾರ ಇನ್ನೂ ತೆಗೆದಿಲ್ಲ. ನನ್ನ ತವರು ಕುಬಿಹಾಳದ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಗ ಸ್ವಾತಂತ್ರ್ಯದ ದಿನ ನನ್ನಿಂದ ಭಾಷಣ ಮಾಡಿಸಬೇಕೆಂದು ಮಾಸ್ತರರು ಹಟ ಹಿಡಿದರು. ನಾನು "ಮಾನ್ಯ ಅಧ್ಯಕ್ಷರೇ" ಎಂದು ಹೇಳಿ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೆಂದರೆ, ತಮ್ಮನ್ನೇ ಕರೆಯುತ್ತಿದ್ದಾಳೆಂದು ತಿಳಿದು ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದು ಬಂದು "ಏನವ್ವಾ?" ಎಂದು ಕೇಳಿದರು. ಆ ನಂತರ ನನ್ನನ್ನು ಯಾರೂ ಭಾಷಣಕ್ಕೆ ಕರೆಯಲಿಲ್ಲ. ಬರೆಯುವುದು ಬೇರೆ. ಕಾಗದ ನನ್ನ ಮುಖವನ್ನು ನೋಡುವುದಿಲ್ಲ.

ಇಂಥ ಅಜ್ಜಿಯ ಹೆಸರನ್ನು, ಅನುಷಾ, ನೀನು ನಿಮ್ಮ ಆನ್‌ಲೈನ್ ಸಭೆಗೆ ಕೊಟ್ಟು ಬಂದೆ. ಧಾರವಾಡದಲ್ಲಿ ಓದುತ್ತ ನೀನು ಸೇರಿಕೊಂಡಿರುವ ಆ ಬಳಗದಲ್ಲಿ ತಿಂಗಳಿಗೊಮ್ಮೆ ಹೆಂಗಸರು ಫೋನಿನಲ್ಲಿಯೇ ಕೂಡುತ್ತಾರೆ, ಒಬ್ಬೊಬ್ಬರೂ ತಮ್ಮ ಬದುಕಿನ ಒಂದು ಘಟನೆಯನ್ನು ಹೇಳುತ್ತಾರೆ. ಅದೂ ಯಾರದೋ ಹೆಂಡತಿ, ಯಾರದೋ ತಾಯಿ ಎಂದಲ್ಲ. ತನ್ನ ಕಥೆಗೆ ತಾನೇ ಯಜಮಾನ್ತಿಯಾಗಿ. "ಅಜ್ಜೀ, ನೀ ಆ ಬಿಸಿ ರೊಟ್ಟಿ ಕಥಿ ಹೇಳಬೇಕ ನೋಡು. ಅಗದಿ ಸ್ತ್ರೀವಾದಿ ಕಥಿ ಅದು," ಎಂದೆ. "ಅಷ್ಟ ದೊಡ್ಡ ಹೆಸರು ಬ್ಯಾಡಬೇ ಅದಕ್ಕ, ರೊಟ್ಟಿ ಅದು," ಎಂದೆ ನಾನು. ಆದರೆ ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂಬುದನ್ನು ಈಗ ಹೇಳುತ್ತೇನೆ. ಸಭೆಯ ದಿನ ನೀನು ಫೋನಿನ ಆ ಕಡೆಯಿಂದ ನೋಡಿದೆ. ವಿನಯ ಅಕ್ಕನ ಬಾಯಿಂದ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಈ ಕಡೆ ಏನಾಯಿತೆಂಬುದು ಇಬ್ಬರಿಗೂ ಗೊತ್ತಿಲ್ಲ.

ನಾನು ಮೊರಬಕ್ಕೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಗಂಡಸರ ಊಟ ಮುಗಿಯುವತನಕ ಹೆಂಗಸರು ಉಣ್ಣುವಂತಿರಲಿಲ್ಲ. ನಾನು ರೊಟ್ಟಿ ಬಡಿಯುವವಳು. ನಿಮ್ಮ ಸಣ್ಣಜ್ಜಿ, ಅಂದರೆ ನನ್ನ ಮೈದುನನ ಹೆಂಡತಿ, ನೆಗೆಣ್ಣಿ ಶಂಕ್ರವ್ವ, ಹಂಚಿನ ಮುಂದೆ ಕುಳಿತು ಬೇಯಿಸುವವಳು. ಉಬ್ಬಿದ ರೊಟ್ಟಿಗಳೆಲ್ಲ ಪಡಸಾಲೆಗೆ ಹೋಗುತ್ತಿದ್ದವು. ನಮ್ಮ ಪಾಲಿಗೆ ಬರುವ ಹೊತ್ತಿಗೆ ಒಲೆ ಆರಿರುತ್ತಿತ್ತು, ರೊಟ್ಟಿ ಚರ್ಮದಂತೆ ಆಗಿರುತ್ತಿತ್ತು. ಎಷ್ಟೋ ವರ್ಷ ಬಿಸಿ ರೊಟ್ಟಿ ಮಾಡಿಯೂ ಬಿಸಿ ರೊಟ್ಟಿಯ ರುಚಿ ನಮಗೆ ಗೊತ್ತಿರಲಿಲ್ಲ. ಒಂದು ಸುಗ್ಗಿಯ ದಿನ ಅತ್ತೆ ಮಠಕ್ಕೆ ಹೋಗಿದ್ದರು. ಆ ದಿನದ ಮೊದಲ ರೊಟ್ಟಿಯನ್ನು ನಾವಿಬ್ಬರೂ ಹಂಚಿನಿಂದಲೇ ತೆಗೆದು, ಬೆಣ್ಣೆ ಹಚ್ಚಿ, ಶೇಂಗಾ ಚಟ್ನಿ ಸುರಿದುಕೊಂಡು ಅರ್ಧರ್ಧ ತಿನ್ನುತ್ತಿದ್ದಾಗ ನಮ್ಮ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ಮುಂದೆ ನಾವು ತಲೆಯೆತ್ತಿದ್ದೇ ಇಲ್ಲ. ಆವಾಗ ಒಂದು ಮಾತು ಹೊರಬಿತ್ತು: "ನಮಗೂ ಹೊಟ್ಟಿ ಐತ್ರಿ, ಮಾಂವಾರ." ಮಾವ ಬಂದ ಹೆಜ್ಜೆಯಲ್ಲೇ ಹಿಂದಿರುಗಿದರು. ಆಮೇಲೆ ಪಡಸಾಲೆಗೆ ಹೋಗಿ ಅಲ್ಲಿದ್ದವರಿಗೆ, "ತಡೀರಿ, ಒಳಗ ಉಣ್ಣಾಕತ್ತಾರ," ಎಂದರು. ಆ ದಿನದಿಂದ ಈ ಮನೆಯಲ್ಲಿ ಮೊದಲ ರೊಟ್ಟಿ ಒಲೆಯ ಮುಂದಿನವರದು. ಅತ್ತೆ ಮಾತ್ರ ಬಹಳ ದಿನ ನಮ್ಮ ಮುಖ ನೋಡಲಿಲ್ಲ. ಆ ಅಡುಗೆಮನೆಯಿಂದ ಗಟ್ಟಿಯಾಗಿ ಹೊರಬಿದ್ದ ಮಾತು ಇದೊಂದೇ. ಇದನ್ನು ಒಮ್ಮೆಯಾದರೂ ನಾಲ್ಕು ಜನರ ಮುಂದೆ ನನ್ನ ಬಾಯಿಂದ, ಕೊನೆಯತನಕ, ನಿಲ್ಲದೆ ಹೇಳಬೇಕೆಂಬ ಆಸೆ ನನಗಿತ್ತು. ಬೇಡ ಎನ್ನದಿರುವುದಕ್ಕೆ ಕಾರಣ ಅದು.

ಸಭೆಯ ಹಿಂದಿನ ದಿನ ಒಂದು ತಾಲೀಮು ಇತ್ತು. ನಿಮ್ಮ ಅವ್ವ ಸುಜಾತಾ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟು, "ಅದನ್ನ ನೋಡಕೋತ ಮಾತಾಡ್ರಿ ಅತ್ತಿ, ಡಬ್ಬಿ ನೋಡಬ್ಯಾಡ್ರಿ," ಎಂದು ಹೇಳಿ ಹೋದಳು. ಸಭೆ ನಡೆಸುವ ಅಕ್ಕೋರು ಬೆಂಗಳೂರು ಕಡೆಯವರು, ಬಹಳ ನಯದ ಮಾತು. "ಶುರು ಮಾಡಿ ಅಮ್ಮ," ಎಂದರು. ನಾನು, "ಒಂದಾನೊಂದು ಸುಗ್ಗಿ ದಿನ," ಎಂದು ಹೇಳಿ ನಿಂತೆ. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. "ಅಮ್ಮ, ಕೇಳಿಸ್ತಾ ಇದೆಯಾ? ಸ್ಟಕ್ ಆಗಿದೆ ಅನ್ಸುತ್ತೆ," ಎಂದರು. ನಾನು, "ಅತ್ತಿ ಮಠಕ್ಕ ಹೋಗಿದ್ರು," ಎಂದು ಹೇಳಿ ಮತ್ತೆ ನಿಂತೆ. ಅವರು ಫೋನ್ ಬಂದ್ ಮಾಡಿ ಮತ್ತೆ ಹಚ್ಚಿದರು. ನನಗೂ ಮೊದಲು ತಿಳಿಯಲಿಲ್ಲ. ನಾಚಿಕೆಯಿಂದ ನಿಲ್ಲುತ್ತಿದ್ದೇನೆ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು: ನಾನು "ಹೂಂ"ಗೆ ಕಾಯುತ್ತಿದ್ದೆ.

ನಮ್ಮ ಕಡೆ ಕಥೆ ಹೇಳುವುದು ಒಬ್ಬರ ಕೆಲಸವಲ್ಲ. ಒಬ್ಬರು ಹೇಳಬೇಕು, ಇನ್ನೊಬ್ಬರು ಮಾತುಮಾತಿಗೆ "ಹೂಂ" ಅನ್ನಬೇಕು. ಹೂಂ ನಿಂತರೆ ಕೇಳುವವರು ಮಲಗಿದರೆಂದು ಅರ್ಥ. ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ನನ್ನ ಅವ್ವ ಅರ್ಧ ಹೇಳಿದ ಎಷ್ಟೋ ಕಥೆಗಳಲ್ಲಿ ರಾಜಕುಮಾರಿಯರು ಇಂದಿಗೂ ಗಿಡದ ಮೇಲೆಯೇ ಕುಳಿತಿದ್ದಾರೆ, ಯಾಕೆಂದರೆ ಅಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ. ಈ ಫೋನಿನೊಳಗಿನ ಜನರೋ, ಕಣ್ಣು ಬಿಟ್ಟುಕೊಂಡೇ ಸುಮ್ಮನೆ ಕುಳಿತಿರುತ್ತಾರೆ. ಮುಂದೆ ಹೇಳುವುದಾದರೂ ಹೇಗೆ? ಅಕ್ಕೋರು ಇದನ್ನು ಕೇಳಿ ಬಹಳ ಖುಷಿಪಟ್ಟರು. ಆದರೆ ಎಲ್ಲರೂ ಹೂಂ ಎಂದರೆ ಗದ್ದಲವಾಗುತ್ತದೆ, ನೀವೇ ಯಾರನ್ನಾದರೂ ಪಕ್ಕದಲ್ಲಿ ಕೂಡಿಸಿಕೊಳ್ಳಿ ಎಂದರು.

ಪಕ್ಕದಲ್ಲಿ ಎಂದರೆ ಶಂಕ್ರವ್ವ. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಎದ್ದಿತು, ನಿಜ. ಆದರೆ ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಬಿಡಿಸಿಕೊಂಡೆವು. ಹೆಪ್ಪಿಗೆ ಮಜ್ಜಿಗೆ, ಕರಿಬೇವು, ಊರ ಸುದ್ದಿ ಎಲ್ಲವೂ ಅದರಲ್ಲಿಯೇ ಓಡಾಡುತ್ತವೆ. ಅದೇ ಕಿಂಡಿಯಲ್ಲಿ ಕರೆದು ಕೇಳಿದೆ. "ಬರೇ ಹೂಂ ಅನ್ನೂದಾ?" ಎಂದಳು. "ಬರೇ ಹೂಂ." "ಮಾರಿ ಕಾಣತೈತೇನು?" "ಇಲ್ಲ, ನೀ ಬಾಜೂಕ ಕುಂಡ್ರು." "ಮಾರಿ ಕಾಣೂದಿಲ್ಲಂದ್ರ ಹಳೇ ಸೀರಿ ನಡೀತೈತಿ ಬಿಡು," ಎಂದಳು. ಮರುದಿನ ಬಂದದ್ದು ಮಾತ್ರ ಇಳಕಲ್ ಸೀರೆಯಲ್ಲಿ. ನನಗೆ ಅಲ್ಲಿಯೇ ಸಂಶಯ ಬರಬೇಕಿತ್ತು.

ಸಭೆ ಸಂಜೆಗೆ ಶುರುವಾಯಿತು. ಹೆಣ್ಣುಮಕ್ಕಳ ದನಿಯನ್ನು ಇಷ್ಟು ವರ್ಷ ಅಡಗಿಸಿದ್ದಾರೆ, ಇನ್ನು ಅಡಗಿಸಲು ಬಿಡುವುದಿಲ್ಲ ಎಂದು ಅಕ್ಕೋರು ಹೇಳಿದರು. ಹೇಳಿ, ಎಲ್ಲರೂ ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ ಎಂದರು. ಒಬ್ಬಳು ತಾನೊಬ್ಬಳೇ ಮೋಟರ್ ಸೈಕಲ್ಲಿನಲ್ಲಿ ಊರೂರು ತಿರುಗಿದ್ದನ್ನು ಹೇಳಿದಳು. ಇನ್ನೊಬ್ಬಳು ಮದುವೆ ಬೇಡವೆಂದು ತಂದೆಯೆದುರು ನಿಂತದ್ದನ್ನು ಹೇಳಿದಳು. ಎಲ್ಲರೂ ಎಷ್ಟು ಚೆಂದ ಮಾತಾಡಿದರೆಂದರೆ ನನ್ನ ಅರ್ಧ ರೊಟ್ಟಿ ನನಗೇ ಸಣ್ಣದಾಗಿ ಕಾಣತೊಡಗಿತು. ಶಂಕ್ರವ್ವ ಮಾತ್ರ ಎಲ್ಲರಿಗೂ ಸಮನಾಗಿ ಹೂಂ ಎಂದಳು. "ನಿನ್ನ ಹೂಂ ಅವರಿಗೆ ಕೇಳಸೂದಿಲ್ಲ," ಎಂದೆ. "ಪಾಪ, ಹುಡುಗಿ ಒಬ್ಬಾಕಿನಽ ಹೇಳಾಕತ್ತಾಳ," ಎಂದಳು.

ನನ್ನ ಸರದಿ ಬಂತು. "ಒಂದಾನೊಂದು ಸುಗ್ಗಿ ದಿನ," ಎಂದೆ. "ಹೂಂ," ಎಂದಳು. ಆಹಾ, ಆ ಹೂಂ ಬಿದ್ದದ್ದೇ ತಡ, ಮುಂದಿನ ಮಾತು ತಾನಾಗಿಯೇ ಬಂತು. ಅತ್ತೆ ಮಠಕ್ಕೆ ಹೋದರು, ಹೂಂ. ಒಲೆ ಹೊತ್ತಿತು, ಹೂಂ. ರೊಟ್ಟಿ ಉಬ್ಬಿತು, ಹೂಂ ಹೂಂ. ಬೆಣ್ಣೆ ಹಚ್ಚಿದ ಜಾಗಕ್ಕೆ ಬಂದಾಗ ಅವಳು ಬಾಯಲ್ಲಿ ನೀರೂರಿಸಿಕೊಂಡು ಹೂಂ ಅಂದದ್ದು ಫೋನಿನ ಆ ಕಡೆಯವರಿಗೂ ಕೇಳಿರಬೇಕು. ತೆರೆಯ ಮೇಲೆ ಕೆಂಪು ಕೆಂಪು ಹೃದಯಗಳು ಹಾರಿದವು. ಜನ್ಮದಲ್ಲಿ ಮೊದಲ ಸಲ ನಾನು ನಾಲ್ಕು ಜನರ ಮುಂದೆ ಮಾತಾಡುತ್ತಿದ್ದೆ, ಅಧ್ಯಕ್ಷರು ಎದ್ದು ಬರುವ ಪ್ರಸಂಗವಿಲ್ಲದೆ. "ಮಾಂವಾರು ಬಾಗಲಾಗ ಬಂದ ನಿಂತ್ರು," ಎಂದೆ. "ಹೂಂ." "ಆವಾಗ ನಾನು ಅಂದ್ನಿ..."

ಹೂಂ ಬರಲಿಲ್ಲ.

ಕಾದೆ. "ಆವಾಗ ನಾನು ಅಂದ್ನಿ," ಎಂದು ಇನ್ನೊಮ್ಮೆ ಹೇಳಿದೆ. ಬಾಜೂಕ ಕುಳಿತವಳು ಸೂರಿನ ಕಡೆ ನೋಡುತ್ತಿದ್ದಳು. ಅಕ್ಕೋರು ಗಾಬರಿಯಾಗಿ, "ಅಮ್ಮ, ನೆಟ್‌ವರ್ಕ್ ಹೋಯ್ತಾ?" ಎಂದರು.

"ನೆಟ್‌ವರ್ಕ್ ಐತ್ರಿ," ಎಂದಳು ಶಂಕ್ರವ್ವ. "ಸುಳ್ಳಿಗೆ ಹೂಂ ಅನ್ನೂದಿಲ್ಲ ನಾ."

"ಏನ ಸುಳ್ಳು?" ಎಂದೆ.

"ಆ ಮಾತ ಅಂದಾಕಿ ನಾನು."

ಇಷ್ಟು ಹೇಳಿ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಅವಳು ಫೋನಿನ ಮುಂದಕ್ಕೇ ಬಂದಳು. ನಾನು ಅರ್ಧ ಮರೆಯಾದೆ. "ನೋಡ್ರಿ ಅಕ್ಕೋರ, ಹಂಚಿನ ಮುಂದ ಕುಂತಾಕಿ ನಾನು. ಬಾಗಲಾ ನನ್ನ ಎದುರಿಗಿತ್ತು. ಈಕಿ ಬೆನ್ನ ಮಾಡಿ ರೊಟ್ಟಿ ಬಡಿಯಾಕತ್ತಿದ್ದಳು. ಮಾಂವಾರು ಬಂದದ್ದರ ಈಕಿಗೆ ಹೆಂಗ ಗೊತ್ತಾಕ್ಕೈತಿ?"

"ತಿನ್ನಾಕ ಕುಂತಾಗ ಯಾರರ ರೊಟ್ಟಿ ಬಡೀತಾರೇನ?" ಎಂದೆ. "ನಿನ್ನ ಬಾಯಿ ತುಂಬ ರೊಟ್ಟಿ ಇತ್ತು. ನೀ ಹೆಂಗ ಮಾತಾಡ್ತಿ?"

"ನಿನ್ನ ಬಾಯಾಗ ಏನ ಬೆಲ್ಲದ ನೀರಿತ್ತೇನು?"

"ಶಂಕ್ರವ್ವಾ, ನಾ ಬೆಪ್ಪಂತ ತಿಳದಿ?"

"ಯಕ್ಕಾ, ನೀ ಕಂಡಕ್ಟರಗ ಊರ ಹೆಸರ ಹೇಳಾಕ ಅಂಜತಿ. ಮಾಂವಾರಗ ಅಂದೆಂತ ಅಂದ್ರ ಯಾರ ನಂಬತಾರ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೂ ಬಹಳ ಹೊತ್ತು ಉತ್ತರ ಕೊಟ್ಟೆ. ಅಷ್ಟು ಮಾತು ನನ್ನೊಳಗೆ ಇತ್ತೆಂಬುದು ನನಗೇ ಗೊತ್ತಿರಲಿಲ್ಲ. ಸುಜಾತಾ ಒಳಗೆ ಬಂದು, "ಅತ್ತಿ, ನಿಮ್ಮ ಟೈಮ್ ಮುಗದೈತ್ರಿ, ಅವರು ಆಗಲೇ ನಿಮ್ಮನ್ನ ಮ್ಯೂಟ್ ಮಾಡ್ಯಾರ್ರಿ," ಎಂದು ಹೇಳಿದಾಗಲೇ ತಿಳಿದದ್ದು, ನಮ್ಮ ಜಗಳದ ಉತ್ತಮ ಭಾಗವನ್ನು ಯಾರೂ ಕೇಳಿಲ್ಲವೆಂದು. ತೆರೆಯ ಮೇಲೆ ಅಕ್ಕೋರು ಕಣ್ಣು ಒರೆಸಿಕೊಳ್ಳುತ್ತ, ಇದೇ ನೋಡಿ ಸಹೋದರಿತ್ವ, ಒಬ್ಬರ ಕಥೆ ಇಬ್ಬರದಾಗುವುದು ಎಂದರೆ ಇದೇ ಎನ್ನುತ್ತಿದ್ದರು. ಆ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟಾಗಿತ್ತು.

ಶಂಕ್ರವ್ವ ಮನೆಗೆ ಹೋಗಿ ಕಿಂಡಿಯನ್ನು ಆ ಕಡೆಯಿಂದ ಮುಚ್ಚಿದಳು. ಕೆಲವು ದಿನ ಹೆಪ್ಪಿಗೆ ಮಜ್ಜಿಗೆಯನ್ನು ಓಣಿ ಸುತ್ತಿ ಬೇರೆಯವರ ಮನೆಯಿಂದ ತರಬೇಕಾಯಿತು. ಅವಳ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ನಮ್ಮ ಸಪ್ಪಳ ಅವಳಿಗೆ ಕೇಳುತ್ತಿತ್ತು. ನನಗೆ ಸಿಟ್ಟು ಬಂದದ್ದು ಅವಳು ಸುಳ್ಳು ಹೇಳಿದಳೆಂದಲ್ಲ. ಆ ಮೋಟರ್ ಸೈಕಲ್ಲಿನ ಹುಡುಗಿಗೆ ಊರಿಗೊಂದು ಕಥೆಯಿದ್ದೀತು. ಇಷ್ಟು ವರ್ಷದ ಬಾಳುವೆಯಲ್ಲಿ ನಮ್ಮಿಬ್ಬರ ಪಾಲಿಗೆ ಬಂದದ್ದೇ ಒಂದು ಧೈರ್ಯ. ಹೊಲ ಪಾಲು ಮಾಡಿದರು, ಪಾತ್ರೆ ಪಾಲು ಮಾಡಿದರು. ಇದೊಂದನ್ನು ಪಾಲು ಮಾಡುವುದು ಯಾರಿಗೂ ನೆನಪಾಗಲಿಲ್ಲ. ನನಗೆ ಅದು ಎಷ್ಟು ಬೇಕಾಗಿತ್ತೋ ಅವಳಿಗೂ ಅಷ್ಟೇ ಬೇಕಾಗಿತ್ತು. ಅದಕ್ಕೇ ಇಳಕಲ್ ಸೀರೆ. ಇನ್ನೊಂದು ಮಾತು: ಆ ಅಡುಗೆಮನೆಯಲ್ಲಿದ್ದವರಲ್ಲಿ ಈಗ ಉಳಿದವರು ನಾವಿಬ್ಬರೇ. ಅವಳು ಹೂಂ ಅನ್ನದಿದ್ದರೆ ಆ ರೊಟ್ಟಿ ಉಬ್ಬಿತ್ತು ಎನ್ನುವುದಕ್ಕೂ ಸಾಕ್ಷಿಯಿಲ್ಲ.

ಕಾಗದಕ್ಕೆ ಹೂಂ ಬೇಕಿಲ್ಲವೆಂದುಕೊಂಡು ಇದನ್ನು ಬರೆಯಲು ಕುಳಿತೆ. ಒಂದು ಸಾಲು ಬರೆಯುವುದು, ಪೆನ್ನು ಎತ್ತಿ ಗೋಡೆಯ ಕಡೆ ನೋಡುವುದು, ಹೀಗೇ ನಡೆಯಿತು. ಕೊನೆಗೆ ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದೆ. "ಒಂದು ಸುಗ್ಗಿಯ ದಿನ ಅತ್ತೆ ಮಠಕ್ಕೆ ಹೋಗಿದ್ದರು." ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಆಚೆಯಿಂದ, ಕಿಂಡಿ ಮುಚ್ಚಿದ್ದರೂ, "ಹೂಂ" ಎಂದು ಕೇಳಿಸಿತು. ನಾನು ನಿಲ್ಲಲಿಲ್ಲ. ಮಾವ ಬಾಗಿಲಿಗೆ ಬಂದರು, ಹೂಂ. ಅಲ್ಲಿಗೆ ಬಂದು ಹೆದರಿಕೆಯಾಯಿತು. "ಆವಾಗ ಒಂದು ಮಾತು ಹೊರಬಿತ್ತು," ಎಂದು ಓದಿದೆ. ಯಾರ ಬಾಯಿಂದ ಎಂದು ಹೇಳಲಿಲ್ಲ. ನೀವೂ ಮೇಲೆ ಹಾಗೆಯೇ ಓದಿದ್ದೀರಿ. ಆಚೆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಕಿಂಡಿ ತೆರೆಯಿತು, ಹೂಂ ಬಂತು, ಹಿಂದೆಯೇ ಒಂದು ಬಟ್ಟಲು ಮಜ್ಜಿಗೆಯೂ ಬಂತು.

ಮಕ್ಕಳೇ, ಆ ಮಾತು ಆಡಿದ್ದು ನಾನೇ. ಅದನ್ನು ಇಲ್ಲಿ, ಅವಳು ಮಜ್ಜಿಗೆ ಕೊಟ್ಟು ಒಳಗೆ ಹೋದ ಮೇಲೆ, ಗಟ್ಟಿಯಾಗಿ ಓದದೆ ಬರೆಯುತ್ತಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ಆ ಮಾತು ಕಿವಿಯಲ್ಲಿ ಕೇಳುತ್ತದೆ. ದನಿ ಸ್ವಲ್ಪ ದಪ್ಪ, ಶಂಕ್ರವ್ವನ ದನಿಯಂತೆಯೇ ಕೇಳುತ್ತದೆ ನಿಜ. ಬಾಯಲ್ಲಿ ರೊಟ್ಟಿಯಿದ್ದರೆ ಯಾರ ದನಿಯಾದರೂ ಹಾಗೇ ಆಗುತ್ತದೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಓದುವಾಗ ಒಬ್ಬರು ಓದಿರಿ, ಇನ್ನೊಬ್ಬರು ಹೂಂ ಅನ್ನಿರಿ. ಸಣ್ಣಜ್ಜಿ ಕೇಳಿದರೆ ಅವಳಿಗೂ ಓದಿ ತೋರಿಸಿರಿ, ಮಜ್ಜಿಗೆಯ ತನಕ ಮಾತ್ರ.